ಕಬಡ್ಡಿ ಮಾರುತೇಶನ ಬೀಗದ ಕೈ

ಮಾರುತೇಶ ಈಗ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಲಾರಿಗಳ ತೂಕ ನೋಡುವ ಕೆಲಸದಲ್ಲಿದ್ದಾನೆ. ಮೊದಲು ಅದೇ ಮಿಲ್ಲಿನಲ್ಲಿ ಕಡಲೆಕಾಯಿ ಚೀಲ ಹೊರುತ್ತಿದ್ದ. ಹೊಸಬರಿಗೆ ಅವನು ಕುರ್ಚಿಯಲ್ಲಿ ಕೂತ ಶಾಂತ ಮನುಷ್ಯ. ಅವನ ಜೊತೆ ಕಬಡ್ಡಿ ಅಂಕಣಕ್ಕಿಳಿದ ನಮಗೆ ಮಾತ್ರ, ಗೆರೆ ದಾಟುವ ಮುಂಚೆ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಿದ್ದ ಹುಡುಗ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದ್ದಾನೆ.

ಅವನ ಮನೆ ಕುದಾಪುರದ ಕಡೆ. ವರವು ಕಾವಲಿನ ಹುಲ್ಲುಗಾವಲಿಗೆ ಸುತ್ತ ಗೋಡೆ ಕಟ್ಟುವ ಮುಂಚೆ, ಬೆಳಗಾದರೆ ಅವನೂ ತಂಗಿ ಕಾಂಚನಾಳೂ ಹುಲ್ಲಿನ ನಡುವೆ ಓಡುತ್ತಿದ್ದರು. ಆಗ ಅವಳಿನ್ನೂ ಪುಟ್ಟವಳು. ಓಡಿ ಬಂದು ಬದುವಿನ ಮೇಲೆ ಕೂತು ಒಬ್ಬರ ಮಣಿಕಟ್ಟು ಇನ್ನೊಬ್ಬರು ಹಿಡಿಯುವುದು ಅವರದೇ ಒಂದು ಆಟ. ಯಾರ ನಾಡಿಯ ಬಡಿತ ಮೊದಲು ನಿಧಾನವಾಗುತ್ತದೋ ಅವರು ಗೆದ್ದಂತೆ. ಸೋತವರು ಟ್ಯಾಂಕಿನಿಂದ ನೀರು ತರಬೇಕು. ನೀರು ತರುತ್ತಿದ್ದವನು ಹೆಚ್ಚಾಗಿ ಮಾರುತೇಶನೇ. ಅವ್ವ ಯರ್ರಮ್ಮ, "ಆನೆಯಂಗವ್ನೆ, ಕೂಸಿನ ಕೈಲಿ ಸೋಲ್ತಾನೆ" ಎಂದು ನಗುತ್ತಿದ್ದಳು.

ಅವನು ಮೊದಲ ಸಲ ಬಿದ್ದದ್ದು ನನ್ನಿವಾಳದ ಪಂದ್ಯದಲ್ಲಿ. ರೈಡಿಗೆ ಹೋದವನು ಎದುರಾಳಿಗಳು ಮುಟ್ಟುವ ಮೊದಲೇ ಕುಸಿದ. ಕಬಡ್ಡಿಯಲ್ಲಿ ಅಲುಗಾಡದೆ ಬಿದ್ದುಕೊಂಡು ಮೋಸ ಮಾಡುವವರು ಇರುತ್ತಾರೆ. ಹಾಗಾಗಿ ಎದುರಾಳಿಗಳೆಲ್ಲ ಅವನನ್ನು ಅದುಮಿ ಹಿಡಿದು, "ಲೇ, ನಾಟ್ಕ ಸಾಕು, ಏಳಲೇ" ಎಂದರು. ಆಮೇಲೆ ಯಾರೋ ಫಿಟ್ಸ್ ಎಂದು ಕೂಗಿ ಅವನ ಅಂಗೈಗೆ ಕಬ್ಬಿಣದ ಬೀಗದ ಕೈ ಒತ್ತಿದರು. ಸ್ವಲ್ಪ ಹೊತ್ತಿಗೆ ಅವನು ಕಣ್ಣು ಬಿಟ್ಟ. ತಾನಾಗಿಯೇ ಬಿಟ್ಟ ಕಣ್ಣು ಅದು. ಆದರೆ ಹೆಸರು ಬಂದದ್ದು ಬೀಗದ ಕೈಗೆ.

ಯರ್ರಮ್ಮ ಬೀಗವೇ ಕಳೆದುಹೋಗಿದ್ದ ಒಂದು ಹಳೇ ಬೀಗದ ಕೈ ಹುಡುಕಿ ಮಗನ ಉಡಿದಾರಕ್ಕೆ ಕಟ್ಟಿದಳು. ಆ ವರ್ಷವೆಲ್ಲ ಮಾರುತೇಶ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡೇ ಆಡಿದ. ಸೊಂಟ ಹಿಡಿದವರು, "ಥೂ, ಇವ್ನ ಮನೆ ಬಾಗ್ಲು ನಮ್ಗೆ ಚುಚ್ತೈತೆ" ಎಂದು ಬೈಯುತ್ತಿದ್ದರು. ಅವನು ಬೀಳಲಿಲ್ಲ. ನಮ್ಮ ನಂಬಿಕೆ ಗಟ್ಟಿಯಾಯಿತು.

ಮುಂದಿನ ವರ್ಷ ಮೊಳಕಾಲ್ಮುರಿನಲ್ಲಿ ಮತ್ತೆ ಬಿದ್ದ. ಬೀಗದ ಕೈ ಸೊಂಟದಲ್ಲೇ ಇತ್ತು. ಅಂದು ಅಂಪೈರ್ ಆಗಿದ್ದವರು ನಿವೃತ್ತ ಪಿ.ಟಿ. ಮೇಷ್ಟ್ರು ಮುರುಗೇಂದ್ರಪ್ಪ. ಅವನು ಎಚ್ಚರಾದ ಮೇಲೆ ಅವರು ನಮ್ಮನ್ನು ಪಕ್ಕಕ್ಕೆ ಕರೆದು, "ಕುಂತಲ್ಲಿ ತಲೆ ತಿರುಗೋದು ಬೇರೆ, ಓಡ್ತಾ ಓಡ್ತಾ ಬೀಳೋದು ಬೇರೆ ಕಣ್ರಪ್ಪ. ಮೊದ್ಲು ಇವ್ನ ಎದೆ ನೋಡಿಸ್ರಿ" ಎಂದರು.

ಚಳ್ಳಕೆರೆಯಲ್ಲಿ ಇಸಿಜಿ, ಚಿತ್ರದುರ್ಗದಲ್ಲಿ ಎಕೋ ಆಯಿತು. ಹೃದಯದ ಎರಡು ಕೋಣೆಗಳ ನಡುವಿನ ಸ್ನಾಯು ಇರಬೇಕಾದ್ದಕ್ಕಿಂತ ದಪ್ಪವಾಗಿತ್ತು. ಇಂಥ ಹೃದಯ ಜೋರಿನ ಆಟದ ನಡುವೆ ಲಯ ತಪ್ಪಬಹುದು, ಒಮ್ಮೊಮ್ಮೆ ನಿಂತೇ ಹೋಗಬಹುದು ಎಂದು ಡಾಕ್ಟರ್ ವಿವರಿಸಿದರು. ಮಾತ್ರೆ ಬರೆದರು. ಪಂದ್ಯ ಬೇಡ, ಚೀಲ ಹೊರುವುದೂ ಬೇಡ ಎಂದರು. ಮಾರುತೇಶ ಎಲ್ಲಕ್ಕೂ ಹೂಂ ಎಂದ. ಅವನು ಬೆದರಿದ್ದು ಡಾಕ್ಟರರ ಕೊನೆಯ ಪ್ರಶ್ನೆಗೆ: "ಒಡಹುಟ್ಟಿದವರು ಇದ್ದಾರಾ? ಇದು ವಂಶದಲ್ಲಿ ಬರುತ್ತೆ. ಅವರದೂ ನೋಡಬೇಕು."

ಕಾಂಚನಾ ಆಗಷ್ಟೇ ಎಂಟುನೂರು ಮೀಟರ್ ಓಟದಲ್ಲಿ ಜಿಲ್ಲೆಗೆ ಮೊದಲಿಗಳಾಗಿ ರಾಜ್ಯಮಟ್ಟಕ್ಕೆ ಆಯ್ಕೆಯಾಗಿದ್ದಳು. ಅಣ್ಣ ಆಸ್ಪತ್ರೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಓಡಿ ಬಂದ ಮೇಲೆ ಕೈಯನ್ನು ದುಪಟ್ಟಾದಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದಳು. ನಾಡಿ ಹಿಡಿಯುವ ಆಟ ನಿಂತುಹೋಯಿತು.

"ನಂಗೇನೂ ಆಗಿಲ್ಲಣ್ಣ."

"ನಂಗೂ ಏನೂ ಆಗಿರ್ಲಿಲ್ಲ."

"ತೋರಿಸಿದ್ಮೇಲೆ ಓಡ್ಬ್ಯಾಡ ಅಂದ್ರೆ? ನಿನ್ನಂಗೆ ಕುಂತ್ಕಳ್ಳಾ?"

ಆ ಮಾತು ಅವನಿಗೆ ನಾಟಿತು. ಉಡಿದಾರದಿಂದ ಬೀಗದ ಕೈ ಬಿಚ್ಚಿ ಅವಳ ಮುಂದಿಟ್ಟ. "ಹಂಗಾರೆ ಇದ್ನ ಕಟ್ಕೊಂಡು ಓಡು."

ಅವಳಿಗೆ ನಗು ಬಂತು. "ಇದು ನಿನ್ನ ಕಾಯ್ತಾ?"

"ಮೊಳಕಾಲ್ಮುರಿನಾಗೆ ಬಿದ್ದಾಗ ಇದು ಸೊಂಟದಾಗೇ ಇತ್ತು. ನಂಬ್ಕೊಂಡು ಒಂದು ವರ್ಷ ಆಡಿದೆ ಕಣೆ. ನೀನೂ ಹಂಗೇ ಏನೂ ಆಗಿಲ್ಲ ಅಂತ ನಂಬ್ಕೊಂಡು ಓಡ್ತಿದೀಯ."

ಕಾಂಚನಾ ಬೀಗದ ಕೈಯನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. ಒಳಗಿಂದ ಯರ್ರಮ್ಮ, "ಆಸ್ಪತ್ರೆಗೆ ಯಾವ ಬಸ್ಸಿಗೆ ಹೋಗ್ತೀರ?" ಎಂದಳು. ಆ ಪ್ರಶ್ನೆಗೆ ಕಾಂಚನಾಳೇ ಉತ್ತರ ಕೊಟ್ಟಳು.

ಎಕೋ ಕೋಣೆಯ ಹೊರಗೆ ಮಾರುತೇಶ ಅವಳ ಬೂಟು ಹಿಡಿದು ನಿಂತಿದ್ದ. ತನ್ನ ಸರದಿಯ ದಿನ ಕೂತೇ ಇದ್ದವನು, ಅಂದು ಕೂರಲಿಲ್ಲ. ಡಾಕ್ಟರ್ ಒಳಗೆ ಕರೆದು, ಸದ್ಯಕ್ಕೆ ಸ್ನಾಯು ಸರಿಯಾಗಿದೆ, ಓಡಬಹುದು ಎಂದರು. ನಾಡಿ ನಿಧಾನವಿರುವುದು ಅಭ್ಯಾಸ ಮಾಡಿದ ಹೃದಯದ ಲಕ್ಷಣ, ರೋಗವಲ್ಲ. ಆದರೆ ಬೆಳೆಯುವ ವಯಸ್ಸಿನಲ್ಲಿ ಈ ದೋಷ ತಡವಾಗಿಯೂ ಕಾಣಿಸಿಕೊಳ್ಳಬಹುದು, ಅದಕ್ಕೆ ಪ್ರತಿ ವರ್ಷ ಬರಬೇಕು. ಓಡುವಾಗ ಎದೆ ನೋವು ಬಂದರೆ, ಕಣ್ಣು ಕತ್ತಲೆಗಟ್ಟಿದರೆ ಆ ಕ್ಷಣವೇ ನಿಂತು ಬಂದು ತೋರಿಸಬೇಕು.

"ಪ್ರತಿ ವರ್ಷ ಹೆದ್ರಿಕೆನಾ?" ಎಂದು ಬಸ್ಸಿನಲ್ಲಿ ಅವಳು ಕೇಳಿದಳು.

"ಹೆದ್ರಿಕೆ ನಂಗಿರ್ಲಿ. ನೀನು ಓಡು."

ಮರುದಿನ ಬೆಳಗ್ಗೆ ಕಾವಲಿನ ಗೋಡೆಯ ಪಕ್ಕದ ದಾರಿಯಲ್ಲಿ ಅವಳು ಓಡಿದಳು. ಅವನು ಹಿಂದಿನಿಂದ ನಿಧಾನವಾಗಿ ನಡೆದು ಬಂದ. ಹಳೇ ಬದು ಈಗ ಗೋಡೆಯ ಆಚೆ ಉಳಿದಿದೆ. ಇಬ್ಬರೂ ಒಂದು ಕಲ್ಲಿನ ಮೇಲೆ ಕೂತರು. ಅವನು ಕೇಳುವ ಮೊದಲೇ ಕಾಂಚನಾ ಕೈ ಮುಂದೆ ಚಾಚಿದಳು. ಮಾರುತೇಶ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದ.

"ನೀನು ಓಡೇ ಇಲ್ಲ, ಈ ಸಲನಾದ್ರೂ ಗೆಲ್ತೀಯೋ ಏನೋ" ಎಂದಳು.

"ಮಾತಾಡಿಸ್ಬ್ಯಾಡ," ಎಂದ ಅವನು, "ಎಣಿಕೆ ತಪ್ತೈತೆ."