ಅತ್ತೆಯ ಬಿಳಿ ಬೆಡ್‌ಶೀಟು, ಸೊಸೆಯ ನೀರಿನ ಪೈಪು

ಬೆಳಗಿನ ಐದೂವರೆ. ಬಂದರಿನ ಅದಿರು ಗುಡ್ಡೆಯ ಬುಡದಲ್ಲಿ ನಿಂತ ಮಹಿಳೆಯೊಬ್ಬರು ಕೆಂಪು ಪುಡಿಯನ್ನು ಮುಷ್ಟಿಯಲ್ಲಿ ಹಿಂಡುತ್ತಾರೆ. ಉಂಡೆ ನಿಲ್ಲುತ್ತದೆ, ಅಂಗೈ ಮಾತ್ರ ಒದ್ದೆಯಾಗುವುದಿಲ್ಲ. "ಹದ ಬಂತು ನೋಡಿ!" ಎಂದು ಪೇಪರಿಗೆ ಬರೆಯಲು ಬಂದ ನನ್ನ ಮೂಗಿನ ಹತ್ತಿರವೇ ಹಿಡಿಯುತ್ತಾರೆ. "ನೀರು ಕಮ್ಮಿಯಾದ್ರೆ ಧೂಳು ನಮ್ಮ ಬೀದಿಗೆ. ಜಾಸ್ತಿಯಾದ್ರೆ ಕೆಸರು ಅಂತ ಹಡಗಿನವರು ಬೇಡ ಅಂತಾರೆ."

ಎಲ್ಲರಿಗೂ ಇವರು ನೀರಕ್ಕ. ಒಂಬತ್ತು ವರ್ಷದಿಂದ ನೀರು ಹೊಡೆದು ಧೂಳು ಕೂರಿಸುವುದೇ ಕೆಲಸ. ದಿನಕ್ಕೆ ಆರು ಗುಡ್ಡೆ, ಹದಿನಾಲ್ಕು ಟ್ಯಾಂಕರ್ ನೀರು. ಜೊತೆಗೆ ಹೊರಹೋಗುವ ಇನ್ನೂರು ಲಾರಿಗಳ ಚಕ್ರ ತೊಳೆಯಬೇಕು. ಮೊದಲ ದಿನ ಗಾಳಿಗೆ ಎದುರಾಗಿ ಪೈಪು ಹಿಡಿದು, ಅಡಿಯಿಂದ ಮುಡಿಯವರೆಗೆ ಕೆಂಪಾಗಿ ಮನೆಗೆ ಹೋದರೆ ಅತ್ತೆ ಗುರುತು ಸಿಗದೆ ಬಾಗಿಲೇ ತೆಗೆಯಲಿಲ್ಲವಂತೆ!

ಮನೆ ಇರುವುದು ಬಂದರಿನ ಗೋಡೆಗೆ ಅಂಟಿದ ಬೀದಿಯಲ್ಲಿ. ಹೊರಗೆ ಧೂಳೆಂದು ಬಟ್ಟೆ ಒಣಗುವುದು ಅಡುಗೆಮನೆಯಲ್ಲಿ. ಎಲ್ಲರೂ ತಲೆ ತಗ್ಗಿಸಿಯೇ ಊಟಕ್ಕೆ ಬರಬೇಕು. ಅತ್ತೆಗೆ ಬಿಡದ ಕೆಮ್ಮು. ಗಾಳಿ ದಿಕ್ಕು ಬದಲಿಸುವ ತಿಂಗಳು ಬೇರೆ. ಮಗಳ ಮನೆಗೆ ಹೊರಡಲು ಬ್ಯಾಗು ಕಟ್ಟಿಟ್ಟಿರುವ ಅವರು, ಇವತ್ತು ಅಂಗಳದ ತಂತಿಗೆ ಬಿಳಿ ಬೆಡ್‌ಶೀಟು ಹರವಿ ಸವಾಲು ಹಾಕಿದ್ದಾರೆ: "ಸಂಜೆವರೆಗೂ ಇದು ಬೆಳ್ಳಗಿದ್ರೆ ಉಳೀತೀನಿ. ಇಲ್ಲಾಂದ್ರೆ ಹೊರಟೆ."

"ಅವರು ಹೋದ್ರೆ ನಾನು ಜಗಳ ಆಡೋದು ಯಾರ ಹತ್ರ, ಗೋಡೆ ಹತ್ರಾನಾ?" ಎಂದು ನೀರಕ್ಕ ನಗುತ್ತಾರೆ. ಆಮೇಲೆ ಮೆಲ್ಲಗೆ, "ಭಯ ಆಗ್ತಿದೆ ಕಣ್ರೀ" ಎನ್ನುತ್ತಾರೆ.

ಹನ್ನೊಂದಕ್ಕೆ ಹಡಗಿಗೆ ಅದಿರು ತುಂಬುವಾಗಲೇ ಗಾಳಿ ತಿರುಗಬೇಕೆ! ಕೆಂಪು ಧೂಳು ಎದ್ದು ಬೀದಿಯತ್ತ ಹೊರಡುತ್ತದೆ. ನೀರಕ್ಕ ಸೀಟಿ ಊದಿ ಕ್ರೇನ್ ನಿಲ್ಲಿಸುತ್ತಾರೆ.

"ಯಾರನ್ನ ಕೇಳಿ ನಿಲ್ಲಿಸಿದೆ?" ಸೂಪರ್‌ವೈಸರ್ ಕೂಗಾಡುತ್ತಾರೆ.

"ಗಾಳಿ ಬೀದಿ ಕಡೆ ತಿರುಗಿದ್ರೆ ನಿಲ್ಲಿಸ್ಬೇಕು ಅಂತ ನೀವೇ ಗೋಡೆ ಮೇಲೆ ಬರೆಸಿದ್ದೀರಲ್ಲ ಸಾರ್, ಓದಿ!"

ನಾನಂತೂ ಚಪ್ಪಾಳೆ ತಟ್ಟಿಯೇಬಿಟ್ಟೆ. ಇಪ್ಪತ್ತು ನಿಮಿಷ ನೀರೇ ನೀರು. ನೀರಿನ ರಭಸಕ್ಕೆ ಪೈಪು ಎಗರುತ್ತದೆ, ಅವರ ಹಿಡಿತ ಸಡಿಲುವುದಿಲ್ಲ. ಕಡೆಗೂ ಧೂಳು ಗೋಡೆಯ ಈಚೆಯೇ ಕೂರುತ್ತದೆ.

ಸಂಜೆ ಮೂವರೂ ತಂತಿಯ ಎದುರು. ಅತ್ತೆ ಕನ್ನಡಕ ಏರಿಸಿ ಬೆಡ್‌ಶೀಟಿನ ಮೂಲೆಮೂಲೆ ನೋಡುತ್ತಾರೆ. ಅಯ್ಯೋ, ಒಂದು ಕಲೆ! ಅತ್ತೆ ಉಗುರಿನಿಂದ ಕೆರೆದು, "ಇದು ಕಾಗೆ ಕೆಲಸ" ಎಂದು ತೀರ್ಪು ಕೊಡುತ್ತಾರೆ.

ಒಳಗೆ ಹೋಗಿ ಬ್ಯಾಗು ತಂದು ಸೊಸೆಯ ಕೈಗಿಡುತ್ತಾರೆ. "ಕಟ್ಟಿಟ್ಟು ಬಟ್ಟೆ ಎಲ್ಲಾ ಮುಗ್ಗಲು ಹಿಡಿದಿದೆ. ನಾಳೆ ಹೊರಗೆ ಬಿಸಿಲಿಗೆ ಹಾಕು."

ನೀರಕ್ಕ ಬ್ಯಾಗನ್ನು ಎದೆಗೆ ಅವಚಿಕೊಂಡು ನನ್ನತ್ತ ತಿರುಗುತ್ತಾರೆ. "ಪೇಪರಲ್ಲಿ ಬರ್ಕೊಳ್ಳಿ. ನಾಳೆಗೆ ಇನ್ನೊಂದು ಟ್ಯಾಂಕರ್ ಕೊಟ್ರೆ ಸಾಕು, ಬೇರೇನೂ ಬೇಡ."