ಒಂದೇ ಸ್ಟಾರ್ ಕೊಡುವವರು

ನಮ್ಮ ಬೀದಿಯ ಮದುವೆ ವಿಡಿಯೋದವರಿಗೆ ಇವತ್ತಿನವರೆಗೆ ಯಾವ ಸಿನಿಮಾನೂ ಹಿಡಿಸಿದ್ದಿಲ್ಲ. ನೋಡಿದ್ದಕ್ಕೆಲ್ಲ ಫೋನಿನಲ್ಲಿ ಒಂದೇ ಸ್ಟಾರ್ ಒತ್ತಿ, ಕೆಳಗೆ ‘ಇದಕ್ಕಿಂತ ನಾನೇ ಚೆನ್ನಾಗಿ ತೆಗೀತಿದ್ದೆ’ ಅಂತ ಬರೆಯುತ್ತಾರೆ. ಆದರೆ ಯಾರೋ ಪುಡಿಗಾಸಿನಲ್ಲಿ ತೆಗೆದ, ಫ್ರಿಜ್ ರಿಪೇರಿಯವನನ್ನು ದೆವ್ವವೊಂದು ಪ್ರೀತಿಸುವ ಸಿನಿಮಾ ಬಂದಮೇಲೆ ಅವರಿಗೆ ಊಟವೇ ಸೇರುತ್ತಿಲ್ಲ. ತಪ್ಪು ಹುಡುಕಲೆಂದೇ ಎಂಟು ಸಲ ನೋಡಿದ್ದಾರೆ. ದೆವ್ವದ ಕೈಯಲ್ಲಿ ವಾಚಿದೆಯಂತೆ, ರಕ್ತ ಅನ್ನೋದು ಬರೀ ಟೊಮೆಟೊ ಸಾಸಂತೆ. ‘ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು, ಕೊನೆಗೆ ಅಳು ಬಂತು’ ಅಂತ ಯಾರಾದರೂ ಬರೆದರೆ ಸಾಕು, ‘ನೀವು ಡೈರೆಕ್ಟರ್ ಭಾವಮೈದನಾ?’ ಅಂತ ಕೇಳುತ್ತಾರೆ. ಮೊನ್ನೆ ಎಂಟನೇ ಸಲ ನೋಡುವಾಗ ನನ್ನನ್ನೂ ಕೂರಿಸಿಕೊಂಡಿದ್ದರು. ಬಿಸಿಲು ತಾಗಿದರೆ ಕರಗಿಹೋಗುವ ಆ ದೆವ್ವ, ಮಲಗಿದ್ದ ರಿಪೇರಿಯವನಿಗೆ ಬಿಸಿಲು ಬಿದ್ದು ಎಚ್ಚರವಾಗದಿರಲಿ ಅಂತ ಕಿಟಕಿಗೆ ತಾನೇ ಅಡ್ಡ ನಿಂತಿತು. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಅವರ ಹೆಂಡತಿ ‘ಪಾಪ ರೀ ಅದು’ ಅಂದು ಕೈಯಲ್ಲಿದ್ದ ಬೆಡ್‌ಶೀಟಿನಲ್ಲೇ ಕಣ್ಣೊರೆಸಿಕೊಂಡರು. ಇಪ್ಪತ್ತೆರಡು ವರ್ಷದಿಂದ ಇವರು ಎಷ್ಟೋ ಮದುಮಗಳಂದಿರ ಅಳುವನ್ನು ವಿಡಿಯೋ ತೆಗೆದಿದ್ದಾರೆ. ಅದನ್ನು ನೋಡಿ ಆಕೆ ಒಂದು ಸಲವೂ ಅತ್ತಿರಲಿಲ್ಲ. ವಿಡಿಯೋದವರು ಫೋನನ್ನು ನನ್ನ ಕೈಗಿಟ್ಟರು. ‘ಕೊಟ್ಟಿರೋ ಆ ಒಂದು ಸ್ಟಾರನ್ನೂ ವಾಪಸ್ ತಗೊಳ್ಳೋಕಾಗುತ್ತಾ, ಸ್ವಲ್ಪ ನೋಡಪ್ಪ.’