ಬರಿಗೈ

ಮಿಲಿಟರಿ ಹರಾಜಿನಲ್ಲಿ ಸಿಕ್ಕ ಆ ಹಳೇ ಜೀಪಿನ ಮೇಲೆ ನನ್ನ ಗಂಡನಿಗಿದ್ದ ಪ್ರೀತಿಯಲ್ಲಿ ಕಾಲುಭಾಗ ನನ್ನ ಮೇಲಿದ್ದಿದ್ದರೆ ನಾನು ಸಿರಾದಲ್ಲಿ ರಾಣಿಯ ಹಾಗೆ ಮೆರೆಯುತ್ತಿದ್ದೆ. ಕಡಲೆಕಾಯಿ ವ್ಯಾಪಾರಕ್ಕೆ ಬರಗೂರು, ಮದಲೂರು ಅಂತ ಸುತ್ತಲು ಗಾಡಿ ಬೇಕಿತ್ತು, ನಿಜ. ಆದರೆ ಅದರ ಚಾಕರಿಯನ್ನೆಲ್ಲ ತಾನೇ ಮಾಡಬೇಕೆಂಬ ಹಟ ಯಾಕೆ? ಮೆಕ್ಯಾನಿಕ್ ಸಾಹೇಬರು ಎರಡು ಬೀದಿ ಆಚೆಗೇ ಇದ್ದರು. "ನನ್ ಗಾಡೀಗೆ ಇನ್ನೊಬ್ರು ಕೈ ಹಾಕಂಗಿಲ್ಲ" ಎನ್ನುತ್ತಿದ್ದರು ಇವರು. ಅರವತ್ತರ ದಶಕದ ಶುರುವಿನ ಮಾತು ಇದು.

ಅವತ್ತು ರಂಜಾನ್ ಹಬ್ಬ. ಸಾಹೇಬರು ಮನೆಮಂದಿಯನ್ನೆಲ್ಲ ಕರೆದುಕೊಂಡು ಪರವೂರಿಗೆ ಹೋಗಿದ್ದರು. ಇವರು ಬೆಳಿಗ್ಗೆಯೇ ಹಿತ್ತಿಲಲ್ಲಿ ಗೋಣಿಚೀಲ ಹಾಸಿಕೊಂಡು ಜೀಪಿನ ಕೆಳಗೆ ತೂರಿದ್ದರು. ಹಳೇ ಎಣ್ಣೆ ಬಸಿದು ಆಯಿಲ್ ಫಿಲ್ಟರ್ ಬದಲಾಯಿಸುವ ಕಾರ್ಯಕ್ರಮ. ಫಿಲ್ಟರ್ ಇರುವುದು ಒಂದು ಕಬ್ಬಿಣದ ಡಬ್ಬಿಯೊಳಗೆ. ಅದನ್ನು ಅಲ್ಲಿ ಇಟ್ಟ ಪುಣ್ಯಾತ್ಮ ಯಾರೋ! ಒಂದು ಪಕ್ಕ ಎಂಜಿನ್, ಇನ್ನೊಂದು ಪಕ್ಕ ತಗಡು, ನೆತ್ತಿಯ ಮೇಲೆ ಡೈನಮೋ. ಬಿಚ್ಚುವುದೇನೋ ಸಲೀಸು, ಬೋಲ್ಟ್ ಸಡಿಲಿಸಿದರೆ ಡಬ್ಬಿ ತಾನೇ ಕೆಳಗೆ ಬರುತ್ತದೆ. ಮತ್ತೆ ಕೂಡಿಸುವಾಗ ಮಾತ್ರ ಒಂದು ಕೈಯಲ್ಲಿ ಡಬ್ಬಿಯನ್ನು ಎತ್ತಿ ಹಿಡಿದು ಇನ್ನೊಂದು ಕೈಯ ಬೆರಳಿನಿಂದ ಬೋಲ್ಟನ್ನು ತಿರುಗಿಸಿ ಕಚ್ಚಿಸಬೇಕು. ಎರಡು ಕೈಗೆ ಅಲ್ಲಿ ಜಾಗವೇ ಇಲ್ಲ.

ಡಬ್ಬಿ ಕೆಳಗೆ ಬಂದಿತ್ತು, ಅಷ್ಟರಲ್ಲಿ ಪಾವಗಡದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ನಮ್ಮ ಬಾಗಿಲಿಗೆ ಬಂದ. "ಅಮ್ಮಾ, ಮೀ ನಾಯನಗೆ ಬಾಗಲೇದು, ಹುಷಾರಿಲ್ಲ. ಮುಖ ನೋಡಾದಿದ್ರೆ ಇವತ್ತೇ ಬರ್ಬೇಕಂತೆ" ಎಂದು ಹೇಳಿ ಓಡಿದ. ಪಾವಗಡ ನನ್ನ ತವರು. ಅಲ್ಲಿ ಅರ್ಧ ಮಾತು ತೆಲುಗು, ಅಪ್ಪನನ್ನು ನಾನು ಕರೆಯುತ್ತಿದ್ದುದೇ ನಾಯನ ಎಂದು. ಆ ಕಡೆಗೆ ಹೋಗುವ ಬಸ್ಸು ಇನ್ನು ಸಾಯಂಕಾಲಕ್ಕೇ.

ಹಿತ್ತಿಲಿಗೆ ಓಡಿದೆ. "ಒಂದ್ ಗಳಿಗೆ ಕಣೇ, ಇದೊಂದು ಕೂಡಿಸ್ಬುಟ್ರೆ ಹೊಂಟ್ವಿ" ಎಂದರು ಇವರು. ಆ ಗಳಿಗೆ ಮುಗಿಯಲೇ ಇಲ್ಲ. ಬಿಸಿಲು ನೆತ್ತಿಗೆ ಬಂತು. ಮೂಟೆ ಎತ್ತಿ ದಪ್ಪಗಾದ ಕೈ ಅವರದು, ಸಂದಿನಲ್ಲಿ ಮಣಿಕಟ್ಟಿನಿಂದ ಮುಂದಕ್ಕೆ ಹೋಗದು. ಗೆಣ್ಣು ತರಚಿ ರಕ್ತವೂ ಎಣ್ಣೆಯೂ ಒಂದಾಗಿ ಸುರಿಯುತ್ತಿತ್ತು. ಡಬ್ಬಿಯಿಲ್ಲದೆ ಎಂಜಿನ್ ಶುರು ಮಾಡಿದರೆ ಹೊಯ್ದ ಹೊಸ ಎಣ್ಣೆಯೆಲ್ಲ ನೆಲಕ್ಕೆ ಹೋಗುತ್ತದಂತೆ. ನಾನು ಅತ್ತೆ, ಬೈದೆ, ಈ ಗಾಡಿಗೆ ಬೆಂಕಿ ಬೀಳಲಿ ಎಂದೆ.  

ಆಮೇಲೆ ಇವರು ಕೆಳಗಿನಿಂದಲೇ ನನ್ನ ಕಡೆ ನೋಡಿದರು. "ಲೇ, ನಿನ್ ಕೈ ಸಣ್ಣಕೈತೆ. ಬಳೆ ತೆಗ್ದು ಬಾ."

ಅತ್ತೆ ಅಡುಗೆಮನೆಯಿಂದಲೇ ಕೂಗಿದರು. "ಏನಂದ್ಯೋ ಲೇ? ಗಂಡ ಬದ್ಕಿರೋಳ ಕೈ ಬರಿದು ಮಾಡ್ಸ್ತೀಯಾ? ಅದೂ ಇಂಥಾ ದಿನ?" ನನ್ನ ಮುಖ ನೋಡಿದ ಮೇಲೆ ಅವರೇ ಸೋಪಿನ ನೀರು ತಂದು ನನ್ನ ಗಾಜಿನ ಬಳೆಗಳನ್ನು ಒಂದೊಂದಾಗಿ ಜಾರಿಸಿದರು. "ಕೈಗೊಂದೊಂದಾದ್ರೂ ಇರ್ಲಿ ಕಣಮ್ಮ" ಎಂದು ಎರಡು ಉಳಿಸಿ, ಮಿಕ್ಕಿದ್ದನ್ನು ನನ್ನ ಸೆರಗಿನ ತುದಿಗೆ ಗಂಟು ಹಾಕಿದರು.

ಸೀರೆ ಬಿಗಿದು ಗೋಣಿಚೀಲದ ಮೇಲೆ ಅಂಗಾತ ಮಲಗಿ ಎರಡೂ ಕೈ ಮೇಲಕ್ಕೆ ತೂರಿಸಿದೆ. ಕಣ್ಣಿಗೆ ಏನೂ ಕಾಣದು. ಹನಿ ಎಣ್ಣೆ ಹಣೆಯ ಮೇಲೆ, ತುಟಿಯ ಮೇಲೆ. "ಇನ್ನೂ ಮ್ಯಾಕೆ, ಇನ್ನೂ ವಸಿ ಮ್ಯಾಕೆ" ಎಂದು ಇವರು ಪಕ್ಕದಲ್ಲಿ ಮಲಗಿ ಬೇಡುತ್ತಿದ್ದರು. ಡಬ್ಬಿ ಎತ್ತಿದರೆ ಬೋಲ್ಟ್ ಜಾರುತ್ತದೆ, ಬೋಲ್ಟ್ ಹಿಡಿದರೆ ಡಬ್ಬಿ ವಾಲುತ್ತದೆ. ನಾಯನಾ, ಸ್ವಲ್ಪ ತಡಿ, ಸ್ವಲ್ಪ ತಡಿ ಎನ್ನುತ್ತ ತಿರುಗಿಸಿದೆ. ಒಂದು ಸಲ ಮೊಣಕೈ ಒತ್ತಿ ನೂಕಿದಾಗ ಉಳಿದಿದ್ದ ಎರಡು ಬಳೆಯೂ ಕಟ್ ಎಂದು ಒಡೆದವು. ಅದೇ ಹೊತ್ತಿಗೆ ಬೋಲ್ಟ್ ಕಚ್ಚಿತು. ಇವರು ಹೊಸ ಎಣ್ಣೆ ಹೊಯ್ಯುತ್ತಿದ್ದಂತೆ, ಬಳೆಯ ಮಾತು ಅತ್ತೆಗೆ ಹೇಳದೆ ಜೀಪು ಹತ್ತಿದೆ.

ದಾರಿಯುದ್ದಕ್ಕೂ ಗಂಟು ನನ್ನ ಮಡಿಲಲ್ಲೇ ಇತ್ತು. ಕೈ ಮೊಣಕೈವರೆಗೆ ಕರ್ರಗೆ ಎಣ್ಣೆ. ಊರಿಗೆ ಹೋಗಿ ಕೈ ತೊಳೆದು ಹಾಕಿಕೊಂಡರಾಯಿತು ಎಂದುಕೊಂಡೆ. ತೊಳೆಯಲು ಗಾಡಿ ನಿಲ್ಲಿಸಿ ಎನ್ನುವಷ್ಟು ಪುರಸೊತ್ತು ಯಾರಿಗಿತ್ತು?

ನಾಯನನ ಕಣ್ಣಿಗೆ ಪೊರೆ ಬಂದು ಎಷ್ಟೋ ವರ್ಷವಾಗಿತ್ತು. ನಾನು ತವರಿಗೆ ಹೋದಾಗಲೆಲ್ಲ ಮೊದಲು ನನ್ನ ಕೈ ಹಿಡಿದು ಬಳೆಗಳ ಮೇಲೆ ಬೆರಳಾಡಿಸುತ್ತಿದ್ದರು. ಕೈತುಂಬ ಇವೆ ಎಂದು ತಿಳಿದ ಮೇಲೆಯೇ ಉಳಿದ ಮಾತು.

ಮನೆ ಮುಟ್ಟಿದಾಗ ಉಸಿರು ಇತ್ತು. ಇವರು ಕುದಿಯುತ್ತಿದ್ದ ಗಾಡಿಗೆ ನೀರು ಹಾಕಲು ಹೊರಗೇ ನಿಂತರು. ನಾನು ಒಳಗೆ ಓಡಿ, ಅಮ್ಮನ ಪಕ್ಕ ಕೂತು, "ನಾಯನಾ, ನೇನು ವಚ್ಚಿನಾನು" ಎಂದೆ, ಬಂದಿದ್ದೇನೆ ಎಂದು. ಅವರ ಕೈ ಹುಡುಕಿಕೊಂಡು ಬಂತು. ನನ್ನ ಮಣಿಕಟ್ಟಿನ ಮೇಲೆ ನಿಂತಿತು, ಮೊಣಕೈವರೆಗೆ ಹೋಯಿತು, ಮತ್ತೆ ಇಳಿಯಿತು. ಇನ್ನೊಂದು ಕೈಯನ್ನೂ ಹುಡುಕಿ ಹಿಡಿದರು.

"ಎಪ್ಪುಡಮ್ಮಾ?" ಎಂದರು. ಯಾವಾಗಮ್ಮಾ ಎಂದು.

ಯಾವಾಗ ಬಂದೆ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. "ಇಪ್ಪುಡೇ ನಾಯನಾ, ಇಪ್ಪುಡೇ" ಎಂದೆ, ಈಗಲೇ ಎಂದು.

ಅವರ ಮುಚ್ಚಿದ ಕಣ್ಣಿನಿಂದ ನೀರು ಕಿವಿಗೆ ಇಳಿಯಿತು. ಅಮ್ಮ ನನ್ನ ಕೈ ನೋಡಿ ಎದೆ ಹೊಡೆದುಕೊಂಡು ಕಿರುಚಿದಾಗಲೇ ನನಗೆ ಅವರು ಕೇಳಿದ್ದೇನೆಂದು ತಿಳಿದದ್ದು. "ರೀ, ಬನ್ನಿ ಇಲ್ಲಿ, ಬೇಗ ಬನ್ನಿ" ಎಂದು ಚೀರಿದೆ. ಇವರು ಓಡಿಬಂದು ನಾಯನನ ಕಿವಿಗೆ ಬಾಯಿಟ್ಟು, "ಮಾವಾ, ನಾನಿವ್ನಿ, ಇಲ್ಲೇ ಇವ್ನಿ" ಎಂದು ಕೂಗಿದರು. ಮತ್ತೆ ಮತ್ತೆ ಕೂಗಿದರು. ನನ್ನ ಕೈ ಹಿಡಿದಿದ್ದ ಬೆರಳು ಅಷ್ಟರಲ್ಲಿ ಸಡಿಲವಾಗಿತ್ತು. ಕೇಳಿಸಿತೋ ಇಲ್ಲವೋ ಎಂದು ಈ ವಯಸ್ಸಿನಲ್ಲೂ ನಾನು ನನ್ನನ್ನೇ ಕೇಳಿಕೊಳ್ಳುತ್ತೇನೆ.

ಅಮ್ಮ ಅಳು ನಿಲ್ಲಿಸಿದಳು. ತನ್ನ ಬಳೆ ಹೋಗುವ ಹೊತ್ತಿನಲ್ಲಿ ನನ್ನ ಸೆರಗಿನ ಗಂಟು ಬಿಚ್ಚಿ ನನ್ನ ಬಳೆಗಳನ್ನು ಹುಡುಕಿ ತೆಗೆದು, ನಾಯನನ ಪಕ್ಕದಲ್ಲೇ ಕೂತು ಒಂದೊಂದಾಗಿ ನನ್ನ ಕೈಗೆ ಏರಿಸಿದಳು. ಎಣ್ಣೆ ಇದ್ದುದರಿಂದ ಎಲ್ಲವೂ ಸಲೀಸಾಗಿ ಏರಿದವು.